ಹದಿನೇಳನೇ ಟ್ಯಾಂಕಿನ ಗಾಳಿ

ಸಮುದ್ರದಲ್ಲಿ ಮುಳುಗು ಹಾಕಲು ಬರುವವರ ಹಂಗಾಮು ಮುಗಿಯಲು ಇನ್ನು ಹನ್ನೆರಡು ದಿನ ಉಳಿದಿತ್ತು. ಒಂದು ವಾರ ಅತ್ತಿತ್ತ ಹೊಯ್ದಾಡಿದ ಗಾಳಿ ಈ ಸಲ ಹೊತ್ತಿಗೆ ಮುಂಚೆಯೇ ಪಶ್ಚಿಮದಿಂದ ಒಂದೇ ಸಮನೆ ಬೀಸತೊಡಗಿದ್ದರಿಂದ ದ್ವೀಪದ ಠಾಣೆಯ ಒಂದೇ ಒಂದು ದೋಣಿಯನ್ನು ಕೊಲ್ಲಿಯ ಆ ಬದಿಯಿಂದ ಈ ಬದಿಗೆ ತಂದು ಕಟ್ಟುವ ಕೆಲಸ ನಡೆದಿತ್ತು. ಅದರ ಇಂಜಿನ್ನಿನ ಭಾಗಗಳನ್ನು ಗೋಣಿತಾಟಿನ ಮೇಲೆ ಹರಡಿಕೊಂಡು, ನೀರಿನಂತೆ ತಿಳಿಯಾದ ಬಿಳಿ ಸೀಮೆಎಣ್ಣೆಯಲ್ಲಿ ಒಂದೊಂದನ್ನೇ ತೊಳೆಯುತ್ತ ಹೆಡ್ ಕಾನ್‌ಸ್ಟೇಬಲ್ ಕುಳಿತಿದ್ದ. ಕೂರಿಸಿದಲ್ಲಿಂದ ಏಳದ ಅವನಿಗೆ ಲಂಗರು ಎಂದೇ ಹೆಸರಾಗಿತ್ತು.

"ಗಾಳಿಗೆ ಮೊನ್ನೆ ಬುದ್ಧಿ ಬಂತು ಸಾರ್. ಒಂದು ಕಡೆ ನಿಂತ್ಕೊಳ್ತು" ಎಂದ ಲಂಗರು.

"ನಿನ್ನ ನೋಡಿ ಕಲ್ತಿರ್ಬೇಕು" ಎಂದಳು ಮಹಿಳಾ ಪೇದೆ, ಹಗ್ಗ ಎಳೆಯುತ್ತ.

ಇನ್‌ಸ್ಪೆಕ್ಟರು ನಗುತ್ತ ತಲೆಯೆತ್ತಿದಾಗ ರಿಸಾರ್ಟಿನ ದಾರಿಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು. ಮೇ ಒಂಬತ್ತು, ಬೆಳಗ್ಗೆ 11:20.

ಅವಳು ಬಟ್ಟೆ ಹೊಲಿಯುವವಳು, ಗಂಡ ವಾಚು ರಿಪೇರಿಯವನು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇಬ್ಬರೂ ಅಂಗಡಿಗೆ ಬೀಗ ಹಾಕಿ ಹೊರಟದ್ದು ಇದೇ ಮೊದಲು. ಸಮುದ್ರದ ತಳ ನೋಡಬೇಕು ಎಂಬುದು ಗಂಡನ ಆಸೆ. ಮೂರು ದಿನದ ಸ್ಕೂಬಾ ಕಲಿಕೆ, ಬೆನ್ನಿಗೆ ಗಾಳಿಯ ಟ್ಯಾಂಕು ಕಟ್ಟಿಕೊಂಡು ಮುಳುಗುವುದು. ಮೂರನೆಯ ದಿನವಾದ ಇಂದು 9:50ಕ್ಕೆ ನೀರಿಗಿಳಿದವನು ಹನ್ನೊಂದು ಮೀಟರ್ ಆಳದಲ್ಲಿ, ಹದಿನೆಂಟು ನಿಮಿಷದ ಮೇಲೆ, ಗೈಡಿನ ಕೈಯಳತೆಯಲ್ಲೇ ಸೋತುಹೋದ. ಮೇಲೆ ತಂದಾಗ ಉಸಿರಿರಲಿಲ್ಲ. 10:40ಕ್ಕೆ ರಿಸಾರ್ಟಿನ ನರ್ಸು ಕೈಚೆಲ್ಲಿದಳು.

"ಆ ಗೈಡು ಕೈ ಬಿಟ್ಟಿದ್ದಾನೆ. ಬರ್ಕೊಳ್ಳಿ" ಎಂದಳು ಹೆಂಗಸು.

"ನೀವು ನೋಡಿದ್ರಾ?"

"ನಾನು ದಡದಲ್ಲಿದ್ದೆ. ನೀರು ಕಂಡ್ರೆ ನಂಗಾಗಲ್ಲ."

"ಮತ್ತೆ ಕೈ ಬಿಟ್ಟ ಅಂತ ಹೇಗೆ ಹೇಳ್ತೀರಿ?"

"ಯಾರೋ ಒಬ್ರು ಬಿಟ್ಟಿರಲೇಬೇಕಲ್ಲ. ಇಷ್ಟು ಗಟ್ಟಿ ಮನುಷ್ಯ ಸುಮ್ಮನೆ ಸಾಯ್ತಾರಾ?"

ಇನ್‌ಸ್ಪೆಕ್ಟರು ಅವಳು ಹೇಳಿದಂತೆಯೇ ಬರೆದುಕೊಂಡರು. 11:50ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಮ್ಮಿನಲ್ಲಿ ಸದ್ಯಕ್ಕೆ ‘ಗೊತ್ತಿಲ್ಲ’ ಎಂದಿತ್ತು.

ನರ್ಸಿನ ಕೋಣೆ ಸುಣ್ಣದ ಗೋಡೆಯ ಸಣ್ಣ ಕೋಣೆ. ಒಂದು ಕಬ್ಬಿಣದ ಮಂಚ, ಒಂದು ತೂಕದ ಯಂತ್ರ, ಈಜಲು ಬಾರದವರಿಗೆ ಸೂಚನೆಗಳಿರುವ ಒಂದು ಬೋರ್ಡು. ಮಂಚದ ಮೇಲಿನ ಬಟ್ಟೆ ಸರಿಸಿದ ಇನ್‌ಸ್ಪೆಕ್ಟರು ಹಾಗೇ ನಿಂತರು. ಮುಳುಗಿ ಸತ್ತವರ ಮುಖ ಈ ದ್ವೀಪದ ಆರು ವರ್ಷದ ನೌಕರಿಯಲ್ಲಿ ಅವರು ನಾಲ್ಕು ಸಲ ನೋಡಿದ್ದರು. ಎಲ್ಲವೂ ಬೂದಿಯ ಬಣ್ಣ, ತುಟಿ ನೀಲಿ. ಈತನ ಕೆನ್ನೆ ಮಾತ್ರ ಈಗಷ್ಟೇ ಬಿಸಿಲಲ್ಲಿ ನಡೆದುಬಂದವನ ಹಾಗೆ ಕೆಂಪಗಿತ್ತು. ಉಗುರಿನಲ್ಲೂ ಕೆಂಪು.

ಇಂಥ ಮುಖವನ್ನು ಅವರು ಹಿಂದೆ ಒಮ್ಮೆ ಕಂಡಿದ್ದರು. ಅವರಿಗಾಗ ಹನ್ನೆರಡು ವರ್ಷ. ಬಾವಿಯ ನೀರು ಕೆಳಗಿಳಿದಿತ್ತೆಂದು ಡೀಸೆಲ್ ಪಂಪನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸಿ ಓಡಿಸುತ್ತಿದ್ದರು. ಪಂಪು ಕೆಮ್ಮಿತೆಂದು ನೋಡಲು ಇಳಿದ ಚಿಕ್ಕಪ್ಪ ಅದರ ಹೊಗೆಗೆ ಸಿಕ್ಕಿ ಮೇಲೆ ಬರಲಿಲ್ಲ. ಹಗ್ಗ ಕಟ್ಟಿ ಎತ್ತಿ ಅಂಗಳದಲ್ಲಿ ಮಲಗಿಸಿದಾಗ, ಇವನದು ಸತ್ತವನ ಮುಖವೇ ಅಲ್ಲ, ಮದುಮಗನ ಮುಖ ಎಂದು ಅಜ್ಜಿ ಸಂಜೆಯತನಕ ಅವನನ್ನು ಕರೆದು ಎಬ್ಬಿಸುತ್ತಲೇ ಇದ್ದಳು.

"ಇವರ ಟ್ಯಾಂಕು ಎಲ್ಲಿದೆ?" ಎಂದು ಕೇಳಿದರು ಇನ್‌ಸ್ಪೆಕ್ಟರು.

ಟ್ಯಾಂಕಿನ ಸಂಖ್ಯೆ ಹದಿನೇಳು. ಮುಕ್ಕಾಲು ಪಾಲು ಗಾಳಿ ಇನ್ನೂ ಉಳಿದಿತ್ತು. ಅದಕ್ಕೆ ಅರಗಿನ ಮುದ್ರೆ ಹಾಕಿಸಿ, ಶವದ ಜೊತೆಗೆ 1:30ರ ದೋಣಿಯಲ್ಲಿ ದಡದ ಆಸ್ಪತ್ರೆಗೂ ಪ್ರಯೋಗಾಲಯಕ್ಕೂ ಕಳುಹಿಸಿದರು.

ಗೈಡಿಗೆ ಮೂವತ್ತರ ಸುಮಾರು. ಒದ್ದೆ ರಬ್ಬರ್ ಉಡುಪನ್ನು ಸೊಂಟದವರೆಗೆ ಇಳಿಸಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ.

"ಎಷ್ಟು ಜನ ಇಳಿದ್ರಿ?"

"ಮೂವರು ಸಾರ್. ಇವರು, ಇನ್ನೊಬ್ರು ಗೆಸ್ಟು, ನಾನು. ಆ ಗೆಸ್ಟು ಹತ್ತು ನಿಮಿಷಕ್ಕೇ ವಾಂತಿ ಬರೋ ಹಾಗಾಯ್ತು ಅಂತ ಮೇಲೆ ಹೋದ್ರು."

"ಅವರ ಟ್ಯಾಂಕು?"

"ಹದಿನಾರು. ಅದೂ ನಿನ್ನೆ ಸಂಜೆ ತುಂಬಿದ್ದು. ನಂದು ಹಳೇದು, ನಾಲ್ಕು ದಿನದ ಹಿಂದಿನ ಗಾಳಿ."

"ಮೇಲೆ ತಂದ ಮೇಲೆ ಏನು ಮಾಡಿದ್ರಿ?"

"ಎದೆ ಒತ್ತಿದ್ವಿ. ಬಾಯಿಗೆ ಬಾಯಿಟ್ಟು ಊದಿದ್ವಿ."

"ಆಮ್ಲಜನಕ? ದೋಣಿಯಲ್ಲಿ ಒಂದು ಸಿಲಿಂಡರ್ ಇರ್ಬೇಕಲ್ಲ."

ಗೈಡು ನೆಲ ನೋಡಿದ. "ಅದು ಖಾಲಿ ಸಾರ್."

"ಯಾವಾಗಿಂದ?"

"ಹೋದ ವರ್ಷದಿಂದ. ನಿಮಗೆ ಗೊತ್ತಲ್ಲ ಸಾರ್."

ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆಯ ಪೆನ್ನು ನಿಂತಿತು. ಗೊತ್ತಿಲ್ಲದವರು ಆ ದ್ವೀಪದಲ್ಲಿ ಯಾರೂ ಇರಲಿಲ್ಲ. ಹೋದ ವರ್ಷ ದ್ವೀಪಕ್ಕೆಲ್ಲ ಜ್ವರ ಬಂದು, ಅಲೆಯ ಅಬ್ಬರಕ್ಕೆ ದೋಣಿ ನಿಂತಿದ್ದಾಗ, ಇನ್‌ಸ್ಪೆಕ್ಟರ ಹೆಂಡತಿ ಉಸಿರು ಸಿಗದೆ ಒದ್ದಾಡುತ್ತಿದ್ದಳು. ಯಾರನ್ನೂ ಕೇಳದೆ ರಿಸಾರ್ಟಿನ ಡೈವಿಂಗ್ ಸೆಂಟರಿನ ಆ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ತಂದವನು ಅಲ್ಲಿ ಟ್ಯಾಂಕು ತುಂಬುವ ಗಾಳಿಮಾವ. ಬರೇ ತಂದಿಟ್ಟು ಹೋಗಲಿಲ್ಲ. ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡಿದ್ದ ಆ ಹೊತ್ತಿನಲ್ಲಿ ಮೂರು ದಿನ ಮಂಚದ ಪಕ್ಕ ಕುಳಿತು, ಮಾಸ್ಕು ಹಿಡಿದು, ಸಿಲಿಂಡರಿನ ತಿರುಪನ್ನು ಕೂದಲೆಳೆಯಷ್ಟೇ ತೆರೆದು, ಎರಡು ಗಂಟೆಯ ಆಮ್ಲಜನಕವನ್ನು ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ಹಿಗ್ಗಿಸಿ ಹಿಗ್ಗಿಸಿ ಬಳಸಿದ್ದ. ನಾಲ್ಕನೆಯ ದಿನ ದೋಣಿ ಬಂತು. ಅವಳು ಉಳಿದಳು.

"ಬರ್ಕೋ" ಎಂದರು ಇನ್‌ಸ್ಪೆಕ್ಟರು.

"ಯಾವುದನ್ನ ಸಾರ್?"

"ಅವನು ಹೇಳಿದ್ದನ್ನ. ಖಾಲಿಯಾಗಿದ್ದು ಎಲ್ಲಿ ಅನ್ನೋದನ್ನೂ."

ಸತ್ತವನ ಕೋಣೆಯಲ್ಲಿ ಮಹಿಳಾ ಪೇದೆಗೆ ಒಂದು ಪುಟ್ಟ ನೋಟ್‌ಬುಕ್ಕು ಸಿಕ್ಕಿತು. ವಾಚಿನವನಲ್ಲವೇ, ನೀರಿಗಿಳಿದ ನಿಮಿಷ, ಎದ್ದ ನಿಮಿಷ ಎಲ್ಲವನ್ನೂ ಇರುವೆಯಂಥ ಅಕ್ಷರದಲ್ಲಿ ಬರೆದಿಟ್ಟಿದ್ದ. ಮೇ ಏಳು: ‘9:40ರಿಂದ 10:12. ನೀಲಿ ಮೀನು. ಇವಳನ್ನೂ ಹೇಗಾದರೂ ಇಳಿಸಬೇಕು.’ ಮೇ ಎಂಟು: ‘9:45ರಿಂದ 10:10. ಗಾಳಿಯಲ್ಲಿ ಬಸ್ ನಿಲ್ದಾಣದ ವಾಸನೆ. ತಲೆನೋವು. ಹೊಸಬರಿಗೆ ಹಾಗೇ ಎಂದ ಗೈಡು.’

ಮತ್ತೆ ಗೈಡನ್ನು ಕರೆಸಿದರು.

"ನಿನ್ನೆ ಇವರು ವಾಸನೆ ಅಂದಿದ್ರಾ?"

"ಅಂದಿದ್ರು."

"ಗಾಳಿಮಾವನಿಗೆ ಹೇಳಿದ್ಯಾ?"

ಅವನು ಸ್ವಲ್ಪ ಬೆರಗಿನಿಂದಲೇ ನೋಡಿದ. "ಗಾಳಿಮಾವನಿಗೆ ಹೋಗಿ ನಿನ್ನ ಗಾಳಿ ಸರಿ ಇಲ್ಲ ಅನ್ನೋದುಂಟಾ ಸಾರ್? ನಾನಿನ್ನೂ ಚಡ್ಡಿ ಹಾಕ್ತಿದ್ದಾಗಿಂದ ಅವರು ಟ್ಯಾಂಕು ಮೂಸ್ತಿದ್ದಾರೆ. ದಿನಾ ಸಂಜೆ ಅವರೇ ಕೇಳ್ತಾರೆ, ಗಾಳಿ ಹೇಗಿತ್ತಪ್ಪ ಅಂತ. ಚೆನ್ನಾಗಿತ್ತು ಮಾವ ಅಂತೀನಿ."

"ನಿನ್ನೆಯೂ ಹಾಗೇ ಅಂದ್ಯಾ?"

"ನಿನ್ನೆಯೂ."

ಮೇ ಹತ್ತು, ಬೆಳಗ್ಗೆ 8:00. ಅಂಗಡಿಯವನನ್ನೂ ದೋಣಿಯ ಬಡಗಿಯನ್ನೂ ಪಂಚರನ್ನಾಗಿ ಕರೆದುಕೊಂಡು ಇನ್‌ಸ್ಪೆಕ್ಟರು ಟ್ಯಾಂಕುಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಶೆಡ್ಡಿಗೆ ಹೋದರು. ತಗಡಿನ ಶೆಡ್ಡು. ಬೆನ್ನಿಗೆ, ಪಶ್ಚಿಮದ ಬದಿಯಲ್ಲಿ, ಇಡೀ ರಿಸಾರ್ಟಿಗೆ ಕರೆಂಟು ಕೊಡುವ ಡೀಸೆಲ್ ಜನರೇಟರು. ಕಂಪ್ರೆಸರಿಗೆ ಗಾಳಿ ಎಳೆದುಕೊಡುವ ಉದ್ದನೆಯ ಕೊಳವೆ ಪೂರ್ವದ ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಜನರೇಟರಿನ ಆಚೆ, ಮರಳಿನಲ್ಲಿ, ಒಂದು ಬೋಳು ಕಂಬ ನೆಟ್ಟಿತ್ತು.

"ಆ ಕಂಬ ಯಾತಕ್ಕೆ?" ಎಂದು ಲಂಗರು ಕೇಳಿದ.

ಶೆಡ್ಡಿನೊಳಗಿಂದ ಗಾಳಿಮಾವ ಬಂದ. ಅರವತ್ತಮೂರರ ತೆಳ್ಳನೆಯ ಮನುಷ್ಯ, ಹೆಗಲ ಮೇಲೆ ಎಣ್ಣೆ ಒರೆಸುವ ಬಟ್ಟೆ. "ಗಾಳಿ ತಿರುಗಿ ಪಶ್ಚಿಮದಿಂದ ಬೀಸಿದಾಗ ಕೊಳವೆ ಬಾಯಿ ಅಲ್ಲಿಗೆ ಕಟ್ಟೋದು. ಇಲ್ಲಾಂದ್ರೆ ಜನರೇಟರಿನ ಹೊಗೆ ಒಳಗೆ ಬರತ್ತೆ" ಎಂದ.

"ಈಗ ಗಾಳಿ ಯಾವ ಕಡೆಯಿಂದ ಬರ್ತಿದೆ?"

ಗಾಳಿಮಾವ ಸಮುದ್ರದ ಕಡೆ ನೋಡಿದ. ರಿಸಾರ್ಟಿನ ಬಾವುಟ ನೋಡಿದ. ತಗಡಿನ ಮಾಡಿನ ಮೇಲಿಂದ ಬಾಗಿ ಇವರ ಕಡೆಗೇ ಬರುತ್ತಿದ್ದ ತೆಳು ಹೊಗೆಯನ್ನೂ ನೋಡಿದ.

ರಿಜಿಸ್ಟರಿನಲ್ಲಿ ತಾರೀಕು, ಟ್ಯಾಂಕಿನ ಸಂಖ್ಯೆ, ಒತ್ತಡ, ಕೊನೆಗೆ ‘ಮೂಸಿ ನೋಡಿದೆ’ ಎಂಬ ಕಾಲಮ್ಮು. ಇಪ್ಪತ್ತೆರಡು ವರ್ಷದ ರಿಜಿಸ್ಟರುಗಳು ಕಪಾಟಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದವು. ಮೇ ಎಂಟರ ಸಂಜೆ 5ರಿಂದ 6ರವರೆಗೆ ತುಂಬಿದ್ದು ಹದಿನೈದರಿಂದ ಹದಿನೆಂಟನೆಯ ಟ್ಯಾಂಕು. ನಾಲ್ಕಕ್ಕೂ ಮೂಸಿ ನೋಡಿದ ಗುರುತು, ಒಂದೇ ಅಳತೆಯ ನಾಲ್ಕು ಗೀಟು.

"ಹದಿನೆಂಟು ಇನ್ನೂ ಬಳಸಿಲ್ಲವಲ್ಲ. ಹೇಗೆ ಮೂಸ್ತೀರಿ, ತೋರಿಸಿ" ಎಂದರು ಇನ್‌ಸ್ಪೆಕ್ಟರು.

ಗಾಳಿಮಾವ ಟ್ಯಾಂಕಿನ ಬಾಯನ್ನು ಹೆಬ್ಬೆರಳಿಂದ ಒರೆಸಿದ. ತಿರುಪನ್ನು ನೂಲಿನಷ್ಟು ತೆರೆದ. ಬೊಗಸೆ ಒಡ್ಡಿ, ಅದರಲ್ಲಿ ತುಂಬಿದ ಗಾಳಿಗೆ ಮುಖ ತಗ್ಗಿಸಿ, ಕಣ್ಣು ಮುಚ್ಚಿ, ನಿಧಾನಕ್ಕೆ ಎಳೆದುಕೊಂಡ. ದೇವರ ಮುಂದೆ ನಿಂತವರೂ ಅಷ್ಟು ಮನಸ್ಸಿಟ್ಟು ಉಸಿರೆಳೆಯಲಿಕ್ಕಿಲ್ಲ.

"ಚೊಕ್ಕ" ಎಂದ.

ಲಂಗರು ಮುಂದೆ ಬಂದು ಮೂಗು ಒಡ್ಡಿದವನು ಥಟ್ಟನೆ ಮುಖ ತಿರುಗಿಸಿದ. "ಏನು ಮಾವ, ಲಾರಿಯ ಹಿಂದೆ ಸೈಕಲ್ ಹೊಡೆದ ಹಾಗಿದೆ. ಇದು ಚೊಕ್ಕವಾ?"

ಬಡಗಿ ಮೂಸಿದ. ಅಂಗಡಿಯವನು ಮೂಸಿದ. ಇಬ್ಬರೂ ಗಾಳಿಮಾವನ ಮುಖ ನೋಡದೆ ಹಿಂದೆ ಸರಿದರು. ಪಂಚನಾಮೆ ಬರೆದು ಮುಗಿಸುವಾಗ 9:25. ಸಹಿ ಹಾಕಲು ಬಡಗಿ ಬಹಳ ಹೊತ್ತು ತೆಗೆದುಕೊಂಡ.

ಮಧ್ಯಾಹ್ನ ದಡದ ಮೇಲಧಿಕಾರಿಯ ಫೋನು ಬಂತು. ರಕ್ತದಲ್ಲಿ ಇಂಜಿನ್ ಹೊಗೆಯ ವಿಷ ಸಿಕ್ಕಿದೆ, ಅದರಿಂದಲೇ ಸಾವು ಎಂದು ವೈದ್ಯರು ಬಾಯಿಮಾತಿನಲ್ಲಿ ತಿಳಿಸಿದ್ದರು. ತಕ್ಷಣ ಆಮ್ಲಜನಕ ಕೊಟ್ಟಿದ್ದರೆ ಬದುಕುತ್ತಿದ್ದನೇ ಎಂದು ಇನ್‌ಸ್ಪೆಕ್ಟರು ಕೇಳಿದ್ದಕ್ಕೆ, ಬದುಕಲೂಬಹುದಿತ್ತು, ಹೇಳಲಾಗದು ಎಂದು ವೈದ್ಯರೇ ಅಂದಿದ್ದರಂತೆ.

"ನೀವು ಫೋನಲ್ಲಿ ಕಳ್ಸಿದ ಪಂಚನಾಮೆ ಓದ್ದೆ" ಎಂದರು ಮೇಲಧಿಕಾರಿ. "ಅಷ್ಟು ನಾರೋ ಗಾಳೀನ ಅವನು ಚೊಕ್ಕ ಅಂದಿದ್ದಾನೆ. ಗೊತ್ತಿದ್ದೂ ಕಳಿಸಿದ್ದಾನೆ ಅಂತಾಯ್ತಲ್ಲ. ಹಾಗಾದ್ರೆ ಇದು ನಿರ್ಲಕ್ಷ್ಯ ಅಲ್ಲ, ಕೊಲೆ."

"ಸಂಜೆಯೊಳಗೆ ಹೇಳ್ತೀನಿ ಸಾರ್."

ಮೂರು ಗಂಟೆಗೆ ಗಾಳಿಮಾವ ಠಾಣೆಗೆ ಬಂದ. ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟಿದ್ದ. ಇನ್‌ಸ್ಪೆಕ್ಟರು ಎದುರಿನ ಕುರ್ಚಿ ತೋರಿಸಿದರು. ಮೇಜಿನ ಮೇಲೆ ಅವನ ಬಲಗೈಯ ಹತ್ತಿರ ಒಂದು ಗಾಜಿನ ಲೋಟವಿತ್ತು.

"ಬಿಸಿಲಲ್ಲಿ ಬಂದಿದ್ದೀರಿ. ಮೊದಲು ನೀರು ಕುಡೀರಿ" ಎಂದರು.

ಆ ಮಾತು ಹೇಳುವಾಗ ಅವರ ನಾಲಿಗೆಯೇ ಅವರಿಗೆ ಹೇಸಿಗೆಯಾಯಿತು. ಗಾಳಿಮಾವ ಲೋಟ ಎತ್ತಿದ. ಎದೆಯ ತನಕ ಬಂತು, ಗದ್ದದ ತನಕ ಬಂತು, ಮೂಗಿನ ಕೆಳಗೆ ಬಂದು ತುಟಿಗೆ ತಗಲುವಷ್ಟರಲ್ಲಿ ಇನ್‌ಸ್ಪೆಕ್ಟರು ಅವನ ಮಣಿಕಟ್ಟು ಹಿಡಿದರು. ಲೋಟದಿಂದ ಒಂದು ಹನಿ ಮೇಜಿನ ಮೇಲೆ ಬಿದ್ದು ಹರಡಿತು. ಬಾಗಿಲಲ್ಲಿ ನಿಂತಿದ್ದ ಮಹಿಳಾ ಪೇದೆಯ ತನಕ ವಾಸನೆ ಹೋಯಿತು. ಲಂಗರು ಇಂಜಿನ್ ತೊಳೆಯಲು ತಂದಿಟ್ಟಿದ್ದ ಸೀಮೆಎಣ್ಣೆ ಅದು.

ಗಾಳಿಮಾವ ಮೊದಲು ಹಿಡಿದ ಕೈ ನೋಡಿದ, ಆಮೇಲೆ ಲೋಟ ನೋಡಿದ. ಅದರೊಳಗೆ ಏನಿದೆ ಎಂದು ಅವನಿಗೆ ಆಗಲೂ ತಿಳಿದಿರಲಿಲ್ಲ. ನೀರಲ್ಲವೆಂಬುದು ಮಾತ್ರ ಇನ್‌ಸ್ಪೆಕ್ಟರ ಮುಖದಿಂದ ತಿಳಿಯಿತು.

"ಕೇಳಿದ್ರೆ ನಾನೇ ಹೇಳ್ತಿದ್ದೆ" ಎಂದ ಮೆಲ್ಲಗೆ.

"ಹೇಳ್ತಿದ್ರಾ?"

ಅವನು ಯೋಚಿಸಿದ. "ಇಲ್ಲ. ಹೇಳ್ತಿರ್ಲಿಲ್ಲ."

"ಯಾವಾಗಿಂದ?"

"ಹೋದ ವರ್ಷದ ಜ್ವರದಿಂದ."

"ನಮ್ಮನೆಗೆ ಬಂದಾಗಿನಿಂದ."

"ನಿಮ್ಮನೆ ಅಂತ ಯಾಕಂತೀರಿ. ದ್ವೀಪಕ್ಕೆಲ್ಲ ಬಂದಿತ್ತು ಜ್ವರ."

"ದ್ವೀಪದವರೆಲ್ಲ ಬಾಗಿಲು ಹಾಕ್ಕೊಂಡಿದ್ರು. ನೀವು ನನ್ನ ಹೆಂಡತಿ ಕೆಮ್ಮಿದ್ದನ್ನೆಲ್ಲ ಮುಖಕ್ಕೆ ಹಾಕಿಸ್ಕೊಂಡು ಮೂರು ದಿನ ಕೂತಿದ್ರಿ."

ಹೆಗಲ ಮೇಲೆ ಇಲ್ಲದ ಬಟ್ಟೆಗಾಗಿ ಗಾಳಿಮಾವನ ಕೈ ಒಮ್ಮೆ ಹೋಗಿ ಬಂತು.

"ಒಂದು ತಿಂಗಳಲ್ಲಿ ವಾಸನೆ ವಾಪಸ್ ಬರತ್ತೆ ಅಂದ್ಕೊಂಡೆ. ಬೆಳಗ್ಗೆ ಎದ್ದ ಕೂಡ್ಲೆ ಸೋಪು ಮೂಸೋದು. ಡೀಸೆಲ್ ಕ್ಯಾನು ಮೂಸೋದು. ಏನೂ ಇಲ್ಲ, ಗೋಡೆ ಮೂಸಿದ ಹಾಗೆ. ಮ್ಯಾನೇಜರ್ ಹತ್ರ ಮೂರು ಸಲ ಕೇಳಿದೆ, ಹೊಗೆ ಹಿಡಿಯೋ ಮೀಟರ್ ಒಂದು ತರ್ಸಿ ಅಂತ. ನಿನ್ನ ಮೂಗಿಗಿಂತ ಒಳ್ಳೆ ಮೀಟರ್ ಯಾವ ಕಂಪನಿ ಮಾಡತ್ತೆ ಮಾವ ಅಂತ ನಕ್ರು. ಹೊಗಳಿದ್ರಲ್ಲ, ಆಮೇಲೆ ಹೇಗೆ ಹೇಳೋದು?"

"ಬರೆದು ಕೊಟ್ಟಿದ್ರಾ?"

"ಬಾಯಲ್ಲಿ ಕೇಳಿದ್ದು."

"ಗಾಳಿ ತಿರುಗಿದ್ದು ಕಣ್ಣಿಗೆ ಕಾಣ್ಲಿಲ್ವಾ?"

"ಒಂದು ವಾರ ಬೆಳಗ್ಗೆ ಆ ಕಡೆ, ಸಂಜೆ ಈ ಕಡೆ. ವರ್ಷಾವರ್ಷ ಹೀಗೇ. ಯಾವ ದಿನ ಶೆಡ್ಡಲ್ಲಿ ಹೊಗೆ ಮೂಗಿಗೆ ಹೊಡೀತೋ ಆವತ್ತು ಎದ್ದು ಕೊಳವೆ ಬದಲಾಯ್ಸೋದು. ಕಣ್ಣಿಂದ ಮಾಡಿದ ಕೆಲಸವೇ ಅಲ್ಲ ಅದು ಸಾರ್. ಈ ಸಲ ಹೊಡೀಲಿಲ್ಲ. ಹೊಡೀಲಿಲ್ಲ ಅಂದ್ಮೇಲೆ ಇನ್ನೂ ತಿರುಗಿಲ್ಲ ಅಂತ್ಲೇ ಇದ್ದೆ. ಮೂಗು ಸತ್ತಿದೆ ಅನ್ನೋದು ಗೊತ್ತಿತ್ತು. ಆದ್ರೂ ಅದನ್ನೇ ನಂಬ್ಕೊಂಡು ಕೂತೆ, ನೋಡಿ."

"ಕೆಲಸ ಬಿಡಬಹುದಿತ್ತಲ್ಲ."

"ಬಿಟ್ಟು? ಇಲ್ಲಿ ಕೆಲಸ ಇದ್ದವನಿಗೆ ಮಾತ್ರ ಜಾಗ. ಶೆಡ್ಡಿನ ಹಿಂದಿನ ಕೋಣೆ ಬಿಟ್ರೆ ಇನ್ನೊಂದು ಬಾಗಿಲು ನಂಗೆ ಗೊತ್ತಿಲ್ಲ. ಮೂಸೋದು ಬಿಟ್ಟು ಬೇರೆ ಕಸುಬೂ ಗೊತ್ತಿಲ್ಲ."

ಹೇಳಿಕೆ ಓದಿ ಕೇಳಿಸಿದರು. ಎಲ್ಲ ಸರಿಯಿದೆ ಎಂದು ಗಾಳಿಮಾವ ಸಹಿ ಹಾಕಿದ. ಸಂಜೆ 4:40.

ಮ್ಯಾನೇಜರನ್ನು ಅದೇ ಸಂಜೆ ವಿಚಾರಿಸಿದರು. ಅವನ ಕೋಣೆ ತಂಪಾಗಿತ್ತು. ಮೀಟರಿನ ಮಾತೇ ಯಾರೂ ಎತ್ತಿಲ್ಲ ಎಂದ. ಖಾಲಿ ಸಿಲಿಂಡರನ್ನು ಯಾಕೆ ತುಂಬಿಸಲಿಲ್ಲ ಎಂಬ ಪ್ರಶ್ನೆಗೆ, "ಖಾಲಿಯಾಗಿದೆ ಅಂತ ನನಗೆ ಲಿಖಿತವಾಗಿ ಯಾರೂ ತಿಳಿಸಿಲ್ಲ. ನಿಮ್ಮಲ್ಲೇನಾದರೂ ರಸೀದಿ ಇದೆಯಾ?" ಎಂದ. ವ್ಯಂಗ್ಯವೇ ಎಂದು ಇನ್‌ಸ್ಪೆಕ್ಟರು ಅವನ ಮುಖ ನೋಡಿದರು. ಅಷ್ಟೂ ಅಲ್ಲ, ಕಾಗದದ ಮಾತು ಅಷ್ಟೆ. ರಸೀದಿ ಇರಲಿಲ್ಲ. ವಾಪಸು ಕಳಿಸುವಾಗ ತುಂಬಿಸಿ ಕಳಿಸಬೇಕೆಂದು ಅವರಿಗೂ ತೋಚಿರಲಿಲ್ಲ. ಹೆಂಡತಿ ಉಳಿದ ಸಂತೋಷದಲ್ಲಿ ಖಾಲಿ ಸಿಲಿಂಡರನ್ನು ಲಂಗರುವಿನ ಕೈಲಿ ಕಳಿಸಿ, ಒಂದು ಸಲ ಕೈಮುಗಿದು, ಸುಮ್ಮನಾಗಿದ್ದರು.

ಅದನ್ನೂ ಕೇಸ್ ಡೈರಿಯಲ್ಲಿ ಬರೆದರು. ಮ್ಯಾನೇಜರನ ಹೆಸರನ್ನು ಎರಡನೆಯ ಆರೋಪಿಯಾಗಿ ಸೇರಿಸಿ ಮೇಲಧಿಕಾರಿಗೆ ಫೋನು ಮಾಡಿದರು.

"ಮೀಟರ್ ಕೇಳಿದ್ದಕ್ಕೆ ಕಾಗದ ಇದೆಯಾ?"

"ಇಲ್ಲ."

"ಹಾಗಾದ್ರೆ ಅದನ್ನ ಆಮೇಲೆ ನೋಡೋಣ." ಆಮೇಲೆ ಎಂದರೆ ಯಾವಾಗ ಎಂಬುದು ಇಬ್ಬರಿಗೂ ಗೊತ್ತಿತ್ತು. "ನಿಮ್ಮ ಮನೆಯ ವಿಷಯ ನೀವೇ ಬರೆದ ಮೇಲೆ ಈ ಕೇಸು ನಿಮ್ಮ ಹತ್ರ ಇರೋಕಾಗಲ್ಲ. ಚಾರ್ಜ್‌ಶೀಟ್ ಬೇರೆಯವರು ಹಾಕ್ತಾರೆ. ಅವನಿಗೆ ವಾಸನೆಯೇ ತಿಳಿಯಲ್ಲ ಅಂದ್ಮೇಲೆ ಕೊಲೆ ಬೇಡ, ನಿರ್ಲಕ್ಷ್ಯದ ಸಾವು ಅಂತ ಮಾಡಿ, ನಾಳೆ ಬಂಧಿಸಿ ಕಳಿಸಿ."

ವಾಚಿನವನ ಹೆಂಡತಿಗೆ ಇನ್‌ಸ್ಪೆಕ್ಟರೇ ಹೋಗಿ ತಿಳಿಸಿದರು. ಅವಳು ಗಂಡನ ಬಟ್ಟೆಗಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಎಲ್ಲವನ್ನೂ ಕೇಳಿ, "ಅವನು ಬೇಕಂತ ಮಾಡಿದ್ನಾ?" ಎಂದಳು.

"ಇಲ್ಲಮ್ಮ."

"ಗೈಡು?"

"ಅವನೂ ಅಲ್ಲ."

ಅವಳು ಒಂದು ಅಂಗಿಯ ಗುಂಡಿಯನ್ನು ಎಳೆದು ನೋಡಿದಳು, ಗಟ್ಟಿಯಾಗಿದೆಯೇ ಎಂದು. "ಹಾಗಾದ್ರೆ ನಾನು ಯಾರನ್ನ ಬೈಲಿ?"

ಇನ್‌ಸ್ಪೆಕ್ಟರು ಎದ್ದು ಬಂದರು.

ಮೇ ಹನ್ನೊಂದು, ಬೆಳಗ್ಗೆ 7:10ಕ್ಕೆ ಬಂಧನ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಗಾಳಿಮಾವ ಹಾಸಿಗೆ ಸುತ್ತಿಟ್ಟು ಕಾಯುತ್ತಿದ್ದ. ಕೊಳವೆಯ ಬಾಯಿ ಜನರೇಟರಿನ ಆಚೆಗಿನ ಕಂಬದಲ್ಲಿತ್ತು. ಪಂಚನಾಮೆಯಾದ ಮೇಲೆ ಏನನ್ನೂ ಮುಟ್ಟಬಾರದೆಂದು ಹೇಳಿದ್ದರೂ ಬೆಳಗ್ಗೆಯೇ ಅವನೇ ಹೋಗಿ ಕಟ್ಟಿ ಬಂದಿದ್ದ. ಯಾರೂ ಅದರ ಮಾತೆತ್ತಲಿಲ್ಲ.

ಬಂಧನದ ಮೆಮೊದಲ್ಲಿ, ಸುದ್ದಿ ತಿಳಿಸಬೇಕಾದ ಸಂಬಂಧಿಕರು ಎಂಬಲ್ಲಿ ಲಂಗರುವಿನ ಪೆನ್ನು ನಿಂತಿತು. "ಯಾರ ಹೆಸರು ಬರೀಲಿ ಮಾವ?"

"ಯಾರಿಲ್ಲ. ಖಾಲಿ ಬಿಡು."

"ಖಾಲಿ ಬಿಡೋ ಹಾಗಿಲ್ಲ."

ಇನ್‌ಸ್ಪೆಕ್ಟರು ಮೆಮೊ ತೆಗೆದುಕೊಂಡು ಹೆಂಡತಿಯ ಹೆಸರು, ತಮ್ಮ ಮನೆಯ ವಿಳಾಸ ಬರೆದರು. ಸಂಬಂಧ ಎಂಬ ಜಾಗದಲ್ಲಿ ಸ್ವಲ್ಪ ತಡೆದು, ‘ತಂಗಿ’ ಎಂದು ಬರೆದರು.

7:45ಕ್ಕೆ ದೋಣಿ ಹೊರಟಿತು. ಗಾಳಿಮಾವ ಹಿಂಬದಿಯ ಹಲಗೆಯ ಮೇಲೆ ಕುಳಿತಿದ್ದ. ಇಂಜಿನ್ನಿನ ಹೊಗೆ ನೇರ ಅವನ ಮುಖಕ್ಕೇ ಬರುತ್ತಿತ್ತು. ಅವನು ದಡ ನೋಡುತ್ತ ನೆಮ್ಮದಿಯಾಗಿ ಉಸಿರಾಡುತ್ತಿದ್ದ. "ಈ ಕಡೆ ಬನ್ನಿ ಮಾವ, ಹೊಗೆ" ಎಂದು ಮಹಿಳಾ ಪೇದೆ ಅವನ ತೋಳು ಹಿಡಿದು ಎಬ್ಬಿಸಿದ್ದು ದೋಣಿಕಟ್ಟೆಯ ಮೇಲೆ ನಿಂತಿದ್ದ ಇನ್‌ಸ್ಪೆಕ್ಟರಿಗೆ ಕಂಡಿತು.

ಇನ್‌ಸ್ಪೆಕ್ಟರು ಮನೆಗೆ ಬಂದಾಗ ಹೆಂಡತಿ ಹೊಸ್ತಿಲ ಬಳಿ ಗೋಡೆಗೆ ಕೈಕೊಟ್ಟು ನಿಂತಿದ್ದಳು. ಹತ್ತು ಹೆಜ್ಜೆ ನಡೆದರೆ ಅವಳಿಗೆ ಈಗಲೂ ಹಾಗೆ ನಿಲ್ಲಬೇಕು. ಠಾಣೆಯಿಂದ ಬಂದ ಮೆಮೊದ ಪ್ರತಿ ಅವಳ ಕೈಯಲ್ಲಿತ್ತು.

"ಅವರ ಮೂಗು ಹೋಗಿದ್ದು ನನ್ನಿಂದ ಅಂತ ಅವರಿಗೆ ಗೊತ್ತಾ?"

"ಗೊತ್ತು."

"ಏನಂದ್ರು?"

ಇನ್‌ಸ್ಪೆಕ್ಟರು ಟೋಪಿ ತೆಗೆದು ಮೊಳೆಗೆ ಹಾಕಿದರು.

"ದೋಣಿ ಹತ್ತೋವಾಗ ಕೇಳಿದ್ರು. ತಂಗಿಗೆ ಉಬ್ಬಸ ಈಗ ಹೇಗಿದೆ ಅಂತ."